ಬಾಗಿಲ ಮೇಲೆ ಎಳೆದ ಸುಣ್ಣದ ಗೆರೆ

"ಯಾರ್ರೀ ಇದನ್ನ ಎಳೆದಿದ್ದು?!"

ಹೊಸದಾಗಿ ಹೊಲಿದ ಹನ್ನೊಂದು ಜರ್ಸಿಗಳ ಗಂಟನ್ನು ಎದೆಗವಚಿಕೊಂಡೇ ಅವಳು ಕಿರುಚಿದಳು.

ಬೆಳಗಿನ ಆರೂವರೆ. ಮೈದಾನದ ಅಂಚಿನಿಂದ ನೆಟ್ಟಗೆ ಬಂದ ಬಿಳಿ ಸುಣ್ಣದ ಗೆರೆ ಹೆಂಗಸರ ಫುಟ್‌ಬಾಲ್ ತಂಡದ ಶೆಡ್ಡಿನ ಮೆಟ್ಟಿಲು ಹತ್ತಿ, ಮುಚ್ಚಿದ ಬಾಗಿಲ ಮೇಲೆ ಸರ್ರನೆ ಏರಿ, ಶೆಡ್ಡಿನ ಆಚೆ ಬದಿಯಿಂದ ಮತ್ತೆ ನೆಲಕ್ಕಿಳಿದು ಮುಂದೆ ಹೋಗಿತ್ತು. ಶೆಡ್ಡು ಅನ್ನುವುದು ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ!

ಹಿಂದಿನಿಂದ ಒಬ್ಬ ಬಕೆಟ್ ಹಿಡಿದು ಬಂದ. ಹುಬ್ಬಿನ ಮೇಲೂ ಸುಣ್ಣ.

"ನಾನೇ... ಇದು ಗೋಲಿನ ಗೆರೆ."

"ಗೋಲಾ? ಇದು ನಮ್ಮ ಬಾಗಿಲು!"

"ಇವತ್ತಿಗೆ ಬಾಗಿಲು. ಹೊಸ ಪಿಚ್ ಬಂದ ಮೇಲೆ ಗೋಲು."

ಅವಳಿಗೆ ಗೊತ್ತಾಯಿತು. ಮೂರು ತಿಂಗಳ ಹಿಂದೆ ಊರಿಗೆ ವರ್ಗವಾಗಿ ಬಂದ ಸರ್ವೇಯರ್ ಇವನೇ. ಬಂದ ವಾರಕ್ಕೇ ಗಂಡಸರ ತಂಡದ ಕ್ಯಾಪ್ಟನ್ ಮಾಡಿಬಿಟ್ಟಿದ್ದರು. ಹೆಸರು ಕೇಳಿದ್ದಳು, ಮುಖ ನೋಡಿದ್ದು ಇದೇ ಮೊದಲು.

ಮುಖ ಕೆಟ್ಟದಾಗಿರಲಿಲ್ಲ. ಅದಕ್ಕೇ ಇನ್ನೂ ಸಿಟ್ಟು ಬಂತು.

"ಹಳೇ ಪಿಚ್ಚಿಗೇನಾಗಿದೆ? ಅದು ಇದ್ದ ಹಾಗೇ ಹುಲ್ಲು ಹಾಕಿದ್ರೆ ಸಾಲದಾ? ಯಾಕೆ ಅಡ್ಡ ತಿರುಗಿಸ್ತಿದೀರಿ?"

ಅವನು ಬಾಯಿ ತೆರೆದ. ಅವಳ ಕಣ್ಣು ನೋಡಿದ. ಮತ್ತೆ ಬಕೆಟ್ ನೋಡಿದ.

"ಅಳತೆಗೆ... ಹಾಗೇ ಬರುತ್ತೆ."

"ಅಳತೆ ನನಗೂ ಬರುತ್ತೆ ಸಾರ್! ನಾನು ದರ್ಜಿ. ಸುಳ್ಳು ಹೇಳೋರ ಎದೆ ಅಳತೆ ಯಾವಾಗಲೂ ಒಂದಿಂಚು ಹೆಚ್ಚಿಗೆ ಬರುತ್ತೆ. ಉಸಿರು ಹಿಡ್ಕೊಂಡಿರ್ತಾರೆ, ಈಗ ನೀವು ಹಿಡ್ಕೊಂಡಿದೀರಲ್ಲ ಹಾಗೆ!"

ಅವನು ಉಸಿರು ಬಿಟ್ಟ.

ಅವಳು ಬಾಗಿಲು ತೆರೆದು ಒಳಗೆ ಹೋದಳು. ಬೇಕಂತಲೇ ಜೋರಾಗಿ ಹಾಕಿಕೊಂಡಳು. ಗೆರೆಯ ಸುಣ್ಣ ಪುಡಿಪುಡಿಯಾಗಿ ಉದುರಿತು.

*

ನಗರಸಭೆ ಹೇಳಿದ್ದು ಇಷ್ಟು. ಹೊಸ ಪಿಚ್ಚಿನ ಅರ್ಧ ಖರ್ಚು ನಮ್ಮದು, ಇನ್ನರ್ಧ ಊರಿನದು. ಪಿಚ್ ಗಂಡಸರಿಗೂ ಹೆಂಗಸರಿಗೂ ಸಮ. ತಿಂಗಳ ಕೊನೆಯೊಳಗೆ ನಕ್ಷೆಯ ಮೇಲೆ ಎರಡೂ ತಂಡದ ಕ್ಯಾಪ್ಟನ್ನರ ಸಹಿ ಬೀಳಬೇಕು. ಬೀಳದಿದ್ದರೆ ಆ ಜಾಗ ಬಸ್ಸು ನಿಲ್ಲಿಸೋಕೆ.

ಹೆಂಗಸರ ಕ್ಯಾಪ್ಟನ್ ಇವಳೇ. ಗೋಲ್‌ಕೀಪರ್. ಊರು ಇಟ್ಟ ಹೆಸರು 'ಸೂರ್ಯಕಾಂತಿ'.

ಚೆಂದಕ್ಕೆ ಇಟ್ಟ ಹೆಸರಲ್ಲ ಅದು. ನಾಲ್ಕು ವರ್ಷದ ಹಿಂದೆ, ಫೈನಲ್ಲಿನ ಕೊನೇ ನಿಮಿಷದಲ್ಲಿ, ಸಂಜೆ ಬಿಸಿಲು ನೇರ ಕಣ್ಣಿಗೆ ಹೊಡೆದಾಗ ಚೆಂಡು ಬಂತು. ಅವಳು ಹಿಡಿದಳು. ಆದರೆ ಗೆರೆ ದಾಟಿದ ಮೇಲೆ ಹಿಡಿದಳು ಅಂತ ತೀರ್ಮಾನವಾಯಿತು. 'ಸೂರ್ಯನ ಕಡೆ ಮುಖ ಮಾಡಿ ನಿಂತುಬಿಟ್ಟಳಪ್ಪಾ ಸೂರ್ಯಕಾಂತಿ ಹಾಗೆ!' ಅಂದರು ಯಾರೋ. ಅದೇ ಅಂಟಿಕೊಂಡಿತು.

"ದಾಟಿರಲಿಲ್ಲ!" ಅಂತ ಅವಳು ಇವತ್ತಿಗೂ ಆಣೆ ಇಡುತ್ತಾಳೆ.

"ಶೆಡ್ ಕೆಡವ್ತಾರಂತೆ ಅತ್ತೆ!" ಹೊಲಿಗೆ ಅಂಗಡಿಗೆ ಬಂದವಳೇ ಜರ್ಸಿಗಳ ಗಂಟನ್ನು ವಾಪಸ್ ಮೇಜಿನ ಮೇಲೆ ಎಸೆದಳು.

ಅತ್ತೆ ಅಂದರೆ ಅಪ್ಪನ ಅಕ್ಕ. ಊರಿನ ಮೊದಲ ಹೆಂಗಸರ ತಂಡದ ಕ್ಯಾಪ್ಟನ್. ಬಟ್ಟೆ ಬದಲಾಯಿಸೋಕೆ ಮರೆಯಿಲ್ಲ ಅಂತ, ಹಳೇ ತಗಡು, ಯಾರದೋ ಮನೆಯ ಹಳೇ ಬಾಗಿಲು ತಲೆಮೇಲೆ ಹೊತ್ತು ತಂದು ಆ ಶೆಡ್ಡು ಕಟ್ಟಿದವಳು. ಈಗ ಮಂಡಿ ನೋವು. ಅಂಗಡಿಯಲ್ಲಿ ಕೂತು ಎಲ್ಲರ ಅಂಗಿಗೂ ಗುಂಡಿ ಹಾಕುತ್ತಾಳೆ, ತನ್ನ ಬಾಯಿಗೊಂದು ಬಿಟ್ಟು.

"ನಕ್ಷೆಯಲ್ಲಿ ಬೇರೆ ಕೋಣೆ ಇಲ್ವೇನೇ?"

"ಇದೆ, ಎರಡಿದೆ. 'ಆಮೇಲೆ ಕಟ್ಟಲಾಗುವುದು' ಅಂತ ಬರೆದಿದೆ. ಆ ಆಮೇಲೆ ಯಾವತ್ತು ಬಂದಿದೆ ಅತ್ತೆ ನಮಗೆ?"

ಅತ್ತೆ ದಾರ ಕಚ್ಚಿ ತುಂಡು ಮಾಡಿದಳು. "ಸಹಿ ಆಮೇಲೆ ನೋಡೋಣ. ದುಡ್ಡು ಎತ್ತೋದಂತೂ ಎತ್ತಬೇಕಲ್ಲ? ಮನೆ ಮನೆಗೆ ಹೋಗೋಕೆ ಜೋಡಿ ಹಾಕಿದೀನಿ, ಒಂದು ಗಂಡು, ಒಂದು ಹೆಣ್ಣು. ನಿನಗೆ ಆ ಸರ್ವೇಯರ್."

"ಅತ್ತೆ!!"

"ಬಾಯಿ ಮುಚ್ಕೊಂಡು ಹೋಗು. ಸಿಟ್ಟಲ್ಲಿದ್ದಾಗ ನೀನು ಚೆನ್ನಾಗಿ ವಸೂಲಿ ಮಾಡ್ತೀಯ."

*

ಊರವರು ಹುಲ್ಲನ್ನು ಹೆಜ್ಜೆ ಲೆಕ್ಕದಲ್ಲಿ ಕೊಳ್ಳಬೇಕಿತ್ತು. ಯಾರ ಹೆಜ್ಜೆ ಎಷ್ಟುದ್ದವೋ ಅಷ್ಟು ಹುಲ್ಲು ಅವರ ಹೆಸರಿಗೆ. ಅವನು ಅವರ ಹೆಜ್ಜೆ ಅಳೆಯುತ್ತಿದ್ದ, ಅವಳು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು.

ಮೊದಲ ಭಾನುವಾರ ಇಬ್ಬರೂ ರಸ್ತೆಯ ಎರಡು ಬದಿಯಲ್ಲಿ ನಡೆದರು.

ಎರಡನೇ ಭಾನುವಾರ ಬೇಕರಿಯಾಕೆ ಜಗಳ ತೆಗೆದಳು. "ಪೋಸ್ಟ್‌ಮ್ಯಾನ್ ಕೊಕ್ಕರೆ ಹಾಗಿದಾನೆ. ಅವನ ಒಂದು ಹೆಜ್ಜೆ ನನ್ನ ಎರಡಕ್ಕೆ ಸಮ. ಬೆಲೆ ಮಾತ್ರ ಒಂದೇನಾ? ಇದ್ಯಾವ ನ್ಯಾಯ?"

"ಹಾರಿ ಅಮ್ಮಾ," ಅಂದ ಅವನು ಗಂಭೀರವಾಗಿ. "ಹಾರಬಾರದು ಅಂತ ಎಲ್ಲೂ ಬರೆದಿಲ್ಲ."

ಆಕೆ ಸೆರಗು ಸಿಕ್ಕಿಸಿ ಹಾರಿಯೇಬಿಟ್ಟಳು! ಹಿಟ್ಟಿನ ಡಬ್ಬದ ಮೇಲೆ ಬೀಳುವವಳನ್ನು ಅವನು ಈ ಕಡೆಯಿಂದ, ಅವಳು ಆ ಕಡೆಯಿಂದ ಹಿಡಿದುಕೊಂಡರು. ಹೊರಗೆ ಬಂದು ಗೋಡೆಗೊರಗಿ ಇಬ್ಬರೂ ನಕ್ಕರು... ಹೊಟ್ಟೆ ಹುಣ್ಣಾಗುವಷ್ಟು.

ನಗು ನಿಂತಾಗ ಇಬ್ಬರ ನಡುವೆ ರಸ್ತೆ ಇರಲಿಲ್ಲ.

ಮೂರನೇ ವಾರ ಅವನ ಅಂಗಿಯ ಮೊಣಕೈ ಹರಿದಿತ್ತು. "ಕೊಡಿ ಇಲ್ಲಿ," ಅಂದಳು. ಮರುದಿನ ಅಂಗಿ ವಾಪಸ್ ಕೊಟ್ಟಾಗ ಅವನು ಹೊಲಿಗೆ ಹುಡುಕಿದ, ಹುಡುಕಿದ, ಸಿಗಲಿಲ್ಲ.

"ಎಲ್ಲಿ ಹರಿದಿತ್ತು ಅಂತಾನೇ ಗೊತ್ತಾಗ್ತಿಲ್ಲ!"

"ಒಳ್ಳೆ ದರ್ಜಿ ಅಂದ್ರೆ ಹಾಗೇ."

ಊರೆಲ್ಲ ಕರೆಯುವ ಆ ಅಡ್ಡಹೆಸರಿನಿಂದ ಅವನು ಮಾತ್ರ ಒಮ್ಮೆಯೂ ಅವಳನ್ನು ಕರೆದಿರಲಿಲ್ಲ. ಅದನ್ನು ಅವಳು ಗಮನಿಸಿದ್ದಳು.

'ಶೆಡ್ಡು ಹೋದ್ರೆ ಹೋಗ್ಲಿ ಬಿಡು...' ಮನಸ್ಸು ಪಿಸುಗುಟ್ಟಿತು. 'ಥೂ! ನಾಚಿಕೆಗೆಟ್ಟವಳೇ!' ಅಂತ ತನ್ನನ್ನೇ ಬೈದುಕೊಂಡಳು. ಆದರೂ ಸಹಿ ಹಾಕುವ ಪೆನ್ನನ್ನು ಚೀಲದಲ್ಲಿ ಇಟ್ಟುಕೊಂಡೇ ಓಡಾಡುತ್ತಿದ್ದಳು.

ಊರಿನ ಪಾಲು ಪೂರ್ತಿಯಾಯಿತು. ಕೊನೇ ಹೆಜ್ಜೆ ಕೊಂಡವನು ಕ್ಷೌರಿಕ. ಕನ್ನಡಿ ಒರೆಸುತ್ತಾ ಹಲ್ಲು ಕಿರಿದ.

"ಭಲೇ! ಇಬ್ಬರೂ ರಾಜಿ ಆಗಿಬಿಟ್ರಾ? ಆ ಫೈನಲ್ಲಲ್ಲಿ ಬಾವುಟ ಎತ್ತಿ ನಿನ್ನ ಕಪ್ ಕಳೆದವನೂ ನೀನೂ ಒಂದೇ ಪುಸ್ತಕ ಹಿಡ್ಕೊಂಡು... ಕಾಲ ಕೆಟ್ಟಿಲ್ಲ ಬಿಡಮ್ಮ!"

ಅವಳ ಕೈಯಲ್ಲಿದ್ದ ಪೆನ್ನು ನಿಂತಿತು.

ಈ ಊರಿನ ಪಂದ್ಯಗಳಲ್ಲಿ ಗೋಲಿನ ಬಲೆಯ ಹಿಂದೆ ಒಬ್ಬ ಬಾವುಟ ಹಿಡಿದು ನಿಲ್ಲುವುದು ಪದ್ಧತಿ. ಚೆಂಡು ಗೆರೆ ದಾಟಿತೋ ಇಲ್ಲವೋ, ಅವನು ಹೇಳಿದ್ದೇ ಕೊನೇ ಮಾತು. ಅವತ್ತು ಅವಳು ಬಾವುಟ ನೋಡಿದ್ದಳು. ಹಿಡಿದವನ ಮುಖ ನೋಡಿರಲಿಲ್ಲ. ಕಣ್ಣೀರು ತುಂಬಿತ್ತಲ್ಲ...

"ನೀವಾ?"

ಅವನು ತಲೆ ತಗ್ಗಿಸಿದ. "ಹೊರಗಿನವರು ಇರ್ಲಿ ಅಂತ ಕರೆಸಿದ್ರು. ಆಗ ಪಕ್ಕದೂರಲ್ಲಿ ಕೆಲಸ. ಹೇಳ್ಬೇಕು ಅಂತ ದಿನಾ..."

"ಅವತ್ತು ನನ್ನ ಕಪ್. ಇವತ್ತು ನನ್ನ ಅತ್ತೆಯ ಶೆಡ್. ನಾಳೆ ಇನ್ಯಾವುದರ ಮೇಲೆ ಎಳೀತೀರಿ ಗೆರೆ?"

ಪುಸ್ತಕವನ್ನು ಅವನ ಕೈಗೆ ತುರುಕಿ ನಡೆದುಬಿಟ್ಟಳು. ಹಿಂದೆ ತಿರುಗಲಿಲ್ಲ... ತಿರುಗಿದ್ದರೆ ಅಳು ಕಾಣುತ್ತಿತ್ತು!

*

ಎರಡು ದಿನ ಅವಳ ಮಿಷನ್ ಬಿಡುವಿಲ್ಲದೆ ಓಡಿತು. ತೋಳನ್ನು ತಿರುಗುಮುರುಗು ಹೊಲಿದಳು, ಬಿಚ್ಚಿದಳು, ಮತ್ತೆ ಹಾಗೇ ಹೊಲಿದಳು.

"ಸಹಿಗೆ ನಾಳೆ ಕೊನೇ ದಿನ," ಅಂದಳು ಅತ್ತೆ.

"ಹಾಕಲ್ಲ. ನೀವು ತಲೆಮೇಲೆ ಹೊತ್ತು ಕಟ್ಟಿದ್ದು ಅದು."

"ಅಯ್ಯೋ, ಅದು ಸೋರುತ್ತೆ ಕಣೇ! ಕಟ್ಟಿದವಳು ನಾನು, ನನಗೆ ಗೊತ್ತಿಲ್ವಾ? ಎಲ್ಲಾ ಮೊಳೆನೂ ಸೊಟ್ಟ. ಆ ಹುಡುಗ ಗೆರೆ ಎಳೆಯೋಕೆ ಮುಂಚೆ ಬಂದು ನನ್ನನ್ನ ಕೇಳಿದ. ಯಾಕೆ ಅಂತಾನೂ ಹೇಳಿದ. 'ಅವಳಿಗೂ ನೀನೇ ಹೇಳಪ್ಪಾ' ಅಂದೆ. ಆ ಧೈರ್ಯ ಒಂದಿಲ್ಲ ಪಾಪ."

"ಯಾಕಂತೆ?"

ಅತ್ತೆ ಗಡಿಯಾರ ನೋಡಿದಳು. "ಐದೂಕಾಲು. ಹೋಗಿ ಆ ಬಾಗಿಲ ಮುಂದೆ, ಗೆರೆ ಮೇಲೆ ನಿಂತ್ಕೋ. ಗೋಲ್‌ಕೀಪರ್ ನಿಲ್ಲೋ ಹಾಗೆ. ಆಮೇಲೂ ಗೊತ್ತಾಗದಿದ್ರೆ ನಿನ್ನ ಕೈಗವಸು ನಂಗೆ ಕೊಡು, ಬಿಸಿ ಪಾತ್ರೆ ಹಿಡಿಯೋಕಾಗುತ್ತೆ."

ಅವಳು ಹೋದಳು. ಮಾಸಿದ ಸುಣ್ಣದ ಗೆರೆಯ ಮೇಲೆ ನಿಂತು, ಮಂಡಿ ಬಾಗಿಸಿ, ಕೈ ಚಾಚಿ ಮುಂದೆ ನೋಡಿದಳು.

ಮೈದಾನ ಪೂರ್ತಿ ಕಂಡಿತು. ಆಚೆ ಬೇಲಿಯ ಒಂದೊಂದು ತಂತಿಯೂ ಕಂಡಿತು.

ಸೂರ್ಯ ಎಲ್ಲಿ...?

ಬಲಗಡೆ. ಭುಜದ ಪಕ್ಕದಲ್ಲಿ ಸಾಧು ಕರುವಿನ ಹಾಗೆ ನಿಂತಿದ್ದ! ಕಣ್ಣಿಗೆ ಒಂದು ಚೂರೂ ಹೊಡೆಯುತ್ತಿರಲಿಲ್ಲ.

'ಪಿಚ್ ತಿರುಗಿಸಿದ್ದು ಇದಕ್ಕಾ... ನನಗೋಸ್ಕರನಾ?'

"ಬರೀ ನಿಮಗೋಸ್ಕರ ಅಲ್ಲ."

ಗಾಬರಿಯಿಂದ ತಿರುಗಿದಳು. ಮನಸ್ಸಿನ ಮಾತು ಬಾಯಿಂದ ಹೊರಬಿದ್ದಿತ್ತು! ಅವನು ಶೆಡ್ಡಿನ ಪಕ್ಕ ನಿಂತಿದ್ದ. ಕೈಯಲ್ಲಿ ಸುರುಳಿ ಸುತ್ತಿದ ನಕ್ಷೆ.

"ನಂಗೋಸ್ಕರಾನೂ..." ಅವನು ಹಳೇ ಗೋಲಿನ ಕಡೆ ನೋಡಿದ. "ಅವತ್ತು ನಾನು ನಿಮ್ಮ ಹಿಂದೆಯೇ ನಿಂತಿದ್ದೆ. ನಿಮ್ಮ ಕಣ್ಣಿಗೆ ಹೊಡೆದ ಸೂರ್ಯನೇ ನನ್ನ ಕಣ್ಣಿಗೂ ಹೊಡೆದ. ಚೆಂಡು ದಾಟಿತೋ ಇಲ್ವೋ ನಾನು ನೋಡಲೇ ಇಲ್ಲ. ಎಲ್ಲರೂ 'ಗೋಲ್' ಅಂತ ಕೂಗಿದ್ರು. ಬಾವುಟ ಎತ್ತಿಬಿಟ್ಟೆ."

ಅವಳು ಗೆರೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು.

"ಊರಿಗೆ ಬಂದ ದಿನ ಯಾರೋ ನಿಮ್ಮನ್ನ ಆ ಹೆಸರಲ್ಲಿ ಕರೆದ್ರು. ಎಲ್ಲರೂ ನಕ್ರು. ಆ ನಗು ನಾನು ಕೊಡಿಸಿದ್ದು. ಹೇಳೋಕೆ ನಾಲಿಗೆ ಏಳ್ಲಿಲ್ಲ... ಪಿಚ್ಚಾದ್ರೂ ತಿರುಗಿಸೋಣ ಅಂತ..."

ನಾಲ್ಕು ವರ್ಷ! ಹೊಡೆಯಬೇಕು ಅನ್ನಿಸಿತು. ಬೈಯಬೇಕು ಅನ್ನಿಸಿತು.

ಅವಳು ಶೆಡ್ಡಿನೊಳಗೆ ಹೋಗಿ ಚೆಂಡು ತಂದಳು. ಹಳೇ ಗೋಲಿನ ಕಡೆ ಬೆರಳು ತೋರಿಸಿದಳು.

"ಹೋಗಿ ನಿಂತ್ಕೊಳ್ಳಿ ಅಲ್ಲಿ. ಸೂರ್ಯನ ಕಡೆ ಮುಖ ಮಾಡಿ!"

ಅವನು ಹೋಗಿ, ನಕ್ಷೆಯನ್ನು ಬಲೆಯ ಪಕ್ಕ ಇಟ್ಟು ನಿಂತ.

ಒಂದು... ಎರಡು... ಐದು. ಎಲ್ಲವೂ ಬಲೆಗೆ! ಒಂದು ಭುಜಕ್ಕೆ ಬಡಿಯಿತು, ಒಂದು ಸೊಂಟಕ್ಕೆ. ಅವನು ಕಣ್ಣು ಕಿರಿದು ಮಾಡಿ ಗಾಳಿಯನ್ನೇ ಹಿಡಿಯುತ್ತಿದ್ದ. ಆರನೆಯದಕ್ಕೆ ಚೆಂಡು ಇನ್ನೂ ಅವಳ ಕಾಲಿನಲ್ಲೇ ಇರುವಾಗ ಅವನು ಎಡಕ್ಕೆ ಹಾರಿ ದೊಪ್ಪನೆ ಬಿದ್ದ.

ಅವಳಿಗೆ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತ ಕಣ್ಣು ತುಂಬಿತು.

ಹೋಗಿ ಅವನ ಪಕ್ಕ ನೆಲದ ಮೇಲೆ ಕೂತಳು.

"ಒಂದು ಮಾತು ಹೇಳ್ತೀನಿ. ಅತ್ತೆಗೂ ಹೇಳಿಲ್ಲ."

"ಹೇಳಿ."

"ದಾಟಿರಲಿಲ್ಲ ಅಂತ ಊರಿಗೆಲ್ಲ ಆಣೆ ಇಟ್ಟೆನಲ್ಲ... ನನಗೂ ಗೊತ್ತಿಲ್ಲ. ಅವತ್ತು ನಾನು ಕಣ್ಣು ಮುಚ್ಕೊಂಡಿದ್ದೆ."

ಅವನು ಅವಳನ್ನೇ ನೋಡಿದ. "ಹಾಗಾದ್ರೆ... ದಾಟಿತ್ತಾ?"

"ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಚೆಂಡಿಗೊಂದೇ ಗೊತ್ತು!"

ಬಿಸಿಲು ಇಬ್ಬರ ಮುಖದ ಮೇಲೂ ಒಂದೇ ಸಮ ಬಿದ್ದಿತ್ತು.

"ನಕ್ಷೆ ಕೊಡಿ," ಅಂದಳು ಕೊನೆಗೆ. ಚೀಲದಿಂದ ಪೆನ್ನು ತೆಗೆದಳು. 'ಆಮೇಲೆ ಕಟ್ಟಲಾಗುವುದು' ಅನ್ನುವುದನ್ನು ಹೊಡೆದುಹಾಕಿ, ದಪ್ಪ ಅಕ್ಷರದಲ್ಲಿ 'ಮೊದಲು ಎರಡು ಕೋಣೆ, ಆಮೇಲೆ ಶೆಡ್ ತೆಗೆಯುವುದು' ಅಂತ ಬರೆದು ಸಹಿ ಹಾಕಿದಳು. "ಒಪ್ಪಿಗೆನಾ?"

ಅವನು ಆ ಸಾಲಿನ ಕೆಳಗೇ ತನ್ನ ಸಹಿ ಹಾಕಿದ. "ನಗರಸಭೆಯವರು ಒಪ್ಪೋ ತನಕ ಅವರ ಬಾಗಿಲಲ್ಲೇ ಕೂತಿರ್ತೀನಿ."

"ಅಷ್ಟೇನಾ? ಇನ್ನೇನೂ ಹೇಳೋದಿಲ್ವಾ?"

"ಇದೆ..." ಅವನು ಉಸಿರು ಹಿಡಿದುಕೊಂಡ.

"ಉಸಿರು ಬಿಟ್ಟು ಹೇಳಿ. ಇಲ್ಲದಿದ್ರೆ ಸುಳ್ಳು ಅಂತ ಲೆಕ್ಕ."

ಉಸಿರು ಬಿಟ್ಟ. "ನಿಮ್ಮನ್ನ ಕಂಡ್ರೆ ನನಗೆ ಇಷ್ಟ. ಬಕೆಟ್ ಹಿಡ್ಕೊಂಡು ಬೈಸ್ಕೊಂಡ ದಿನದಿಂದ."

ಅವಳು ಅವನ ಮೊಣಕೈ ಹಿಡಿದು ತಿರುಗಿಸಿದಳು. ಬಿದ್ದ ರಭಸಕ್ಕೆ ಅದೇ ಅಂಗಿ, ಅದೇ ಜಾಗ, ಮತ್ತೆ ಹರಿದಿತ್ತು.

"ಬಿಚ್ಚಿ ಕೊಡಿ ನಾಳೆ," ಅಂದಳು ಮೆತ್ತಗೆ. "ಇನ್ಮೇಲೆ ಇದು ನನ್ನ ಕೆಲಸಾನೇ ಅಲ್ವಾ..."

*

ನಗರಸಭೆ ಒಪ್ಪಿತು, ಅವನು ನಾಲ್ಕು ದಿನ ಬಾಗಿಲಲ್ಲಿ ಕೂತ ಮೇಲೆ.

ಮೊದಲು ಕೋಣೆಗಳಾದವು. ಹೆಂಗಸರ ಕೋಣೆಗೆ ಅತ್ತೆಯ ಆ ಹಳೇ ಬಾಗಿಲನ್ನೇ ಕೂರಿಸಿದರು. ಅದರ ಮೇಲೆ ಸುಣ್ಣದ ಗೆರೆ ಇನ್ನೂ ಇದೆ, ಒರೆಸಲು ಅವಳು ಬಿಡಲಿಲ್ಲ. ಆಮೇಲೆ ಹುಲ್ಲು ಬಂತು. ಬೇಕರಿಯಾಕೆ ತನ್ನ ಹಾರಿದ ಹೆಜ್ಜೆಯಷ್ಟು ಹುಲ್ಲಿನ ಮೇಲೆ ಯಾರೂ ಉಗುಳಬಾರದೆಂದು ದಿನಾ ಬಂದು ಕಾಯುತ್ತಿದ್ದಳು.

ಮೊದಲ ಪಂದ್ಯ ಹೆಂಗಸರದು. ಸಂಜೆ ಐದೂಕಾಲು. ಹಿಂದೆ ಶೆಡ್ಡಿದ್ದ ಜಾಗದಲ್ಲಿ, ಗೋಲಿನೊಳಗೆ ಅವಳು. ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಅತ್ತೆ, ಎರಡೂ ತಂಡಕ್ಕೂ ಬೈಯುತ್ತ. ಬಲೆಯ ಹಿಂದೆ, ಬಾವುಟ ಹಿಡಿದು ಅವನು. ಆ ಫೈನಲ್ಲಿನ ತಪ್ಪನ್ನು ಅವನು ಊರೆದುರೇ ಹೇಳಿಬಿಟ್ಟಿದ್ದ, ಎದುರು ತಂಡದವರೇ ಅವನು ಬೇಕು ಅಂದಿದ್ದರು. 'ತಪ್ಪು ಒಪ್ಪಿಕೊಂಡವನು ಮತ್ತೆ ತಪ್ಪು ಮಾಡಲ್ಲ' ಅಂತ.

ಎದುರಿನ ಹುಡುಗಿ ಚೆಂಡು ಎಳೆದುಕೊಂಡು ಒಬ್ಬಳೇ ನುಗ್ಗಿ ಬಂದಳು. ಊರೆಲ್ಲ ಎದ್ದು ನಿಂತಿತು.

ಅವಳು ತಿರುಗದೆಯೇ ಕೇಳಿದಳು.

"ರೀ... ಹಿಂದೆ ಇದೀರಾ?"

"ಇದೀನಿ."

"ಕಣ್ಣು ಬಿಟ್ಕೊಂಡಿದೀರಾ?"

"ಬಿಟ್ಕೊಂಡೇ ಇದೀನಿ. ನೀನು?"

'ನೀವು' ಹೋಗಿ 'ನೀನು' ಆಗಿತ್ತು. ಅವಳ ತುಟಿಯ ಅಂಚಿನಲ್ಲಿ ನಗು ಮೂಡಿತು. ಮಂಡಿ ಬಾಗಿಸಿದಳು, ಕೈ ಚಾಚಿದಳು.

"ನಾನೂ," ಅಂದಳು.

ಚೆಂಡು ಬಂತು.