ಮುಚ್ಚಬಾರದ ಗುಂಡಿ

“ಎಲ್ಲಿ ಬೇಕಾದ್ರೂ ತೋಡ್ಕೋ ತಾಯಿ, ಆ ಬೋಳು ವಿಲೋ ಮರದ ಹತ್ರ ಮಾತ್ರ ಬೇಡ. ತಡ್ಕೊಳಕ್ಕಾಗ್ದೆ ತೋಡಿದ್ಯೋ, ಗುಂಡಿ ಮುಚ್ಚಬೇಡ.”

ಹುಲ್ಲುಗಾವಲಿನ ಒಡತಿ ಎಡ್ನಾ ಥರ್ಲೋ ಇಷ್ಟು ಹೇಳಿ ಗೇಟಿಗೆ ಒರಗಿ ನಿಂತಳು. ಹಿಲರಿ ಪಿಕರ್ಸ್‌ಗಿಲ್ ನಗು ನುಂಗಿಕೊಂಡಳು. ಯಾರ್ಕ್‌ಶೈರ್ ಬಿಟ್ಟು ಸಫೋಕಿನ ಈ ಹಳ್ಳಿಗೆ ಬಂದು ಆರೇ ತಿಂಗಳಾಗಿದ್ದರೂ, ಲೋಹಶೋಧಕ ಹಿಡಿದು ಮಣ್ಣಲ್ಲಿ ಹೂತ ಹಳೇ ವಸ್ತು ಹುಡುಕುತ್ತ ಊರೂರಿನ ಹೊಲ ಅಲೆದು ಹದಿನೈದು ವರ್ಷವಾಗಿತ್ತು. ಗುಂಡಿ ಮುಚ್ಚಿ ಹೋಗಿ, ಇಲ್ಲದಿದ್ದರೆ ಕುರಿಯ ಕಾಲು ಮುರಿಯುತ್ತದೆ ಎಂದು ಗೋಗರೆಯುವ ರೈತರನ್ನೇ ಅವಳು ಕಂಡಿದ್ದು. ಮುಚ್ಚಬೇಡ ಎಂದವಳು ಇವಳೊಬ್ಬಳೇ.

ಕಾರಣವನ್ನೂ ಮುದುಕಿಯೇ ಹೇಳಿದಳು. ಸುಮಾರು ನಾನೂರು ವರ್ಷದ ಹಿಂದೆ, ಇಂಗ್ಲೆಂಡಿನ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ನಡೆದ ಕಾಲದಲ್ಲಿ ಒಬ್ಬ ಸಿಪಾಯಿ ಹದಿನಾರರ ಹುಡುಗನೊಬ್ಬನನ್ನು ಆ ಮರಕ್ಕೆ ಕಟ್ಟಿ ಗುಂಡಿಕ್ಕಿದನಂತೆ. ಹುಡುಗನ ತಾಯಿ ಮಗನ ಎದೆಯಿಂದ ಮೂರು ಗುಂಡುಗಳನ್ನು ತನ್ನ ಕೈಯಾರೆ ಕಿತ್ತಳಂತೆ. ಆ ಸಿಪಾಯಿಯದೇ ಕೋವಿಮದ್ದಿನ ಸೀಸದ ಡಬ್ಬಿ ಕದ್ದು, ಗುಂಡುಗಳನ್ನು ಅದರಲ್ಲಿಟ್ಟು, ಮಾಟ ಮಾಡಿ ಹೂತಳಂತೆ. ಇದನ್ನು ಎತ್ತಿದವರ ಕಣ್ಣೆದುರೇ ಅವರ ಪ್ರಾಣದಂಥವರು ಹೋಗಲಿ ಎಂಬುದು ಅವಳ ಶಾಪ. ಗುಂಡಿ ತೆರೆದಿದ್ದರೆ ಡಬ್ಬಿಯನ್ನು ಅದೇ ಗುಂಡಿಗೆ ಮರಳಿಸಿ ಶಾಪ ತಪ್ಪಿಸಬಹುದು. ಮುಚ್ಚಿದರೆ ಮುಗಿಯಿತು, ಮಣ್ಣು ಹೆಣ ಕೇಳುತ್ತದೆ.

ಕಾರಿನ ಪಕ್ಕ ಮಡಚುವ ಕುರ್ಚಿಯಲ್ಲಿ ಕೂತಿದ್ದ ಗಂಡ ಗಾರ್ಡನ್‌ಗೆ ಹಿಲರಿ ಇದನ್ನು ಅಭಿನಯಿಸಿ ತೋರಿಸಿದಳು. ಮೊಣಕಾಲು ನೋವಿನ ಆ ಮನುಷ್ಯ ಹೊಲಕ್ಕೆ ಇಳಿಯುವವನಲ್ಲ, ಆದರೆ ಹೆಂಡತಿಯನ್ನು ಒಬ್ಬಳೇ ಬಿಡುವವನೂ ಅಲ್ಲ. “ದೆವ್ವ ಸಿಕ್ರೆ ಕರ್ಕೊಂಡ್ ಬಾರೇ, ಒಂದು ಸ್ಯಾಂಡ್‌ವಿಚ್ ಹೆಚ್ಗೆ ಇದೆ,” ಎಂದು ಪದಬಂಧಕ್ಕೆ ತಲೆ ಬಗ್ಗಿಸಿದ. ಅವನು ಹಾಗೆ ನಗಿಸದಿದ್ದರೆ ಅವಳಿಗೆ ದಿನ ಸಾಗುತ್ತಿರಲಿಲ್ಲ.

ಬೇಡ ಎಂದ ಕಡೆಗೇ ಕಾಲು ಎಳೆಯುವುದು ಮನುಷ್ಯನ ಹಳೇ ಚಾಳಿ. ಹಿಲರಿ ನೇರ ವಿಲೋ ಮರದತ್ತ ನಡೆದಳು.

ಅಕ್ಟೋಬರಿನ ಮಧ್ಯಾಹ್ನ. ತಗ್ಗಿನಲ್ಲಿ ಮಂಜು ತುಂಬಿತ್ತು, ಕೊಳೆತ ಎಲೆಯ ನಾತ. ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು, ಒಂದು ಕುರಿಯೂ ಅದಕ್ಕೆ ಬಾಯಿ ಹಾಕಿರಲಿಲ್ಲ. ಹೆಡ್‌ಫೋನಿನಲ್ಲಿ ಸದ್ದು ಬಂತು. ಗಟ್ಟಿಯಾದ, ಮೊಂಡು ಸದ್ದು. ಸೀಸ.

ಅವಳು ಬೇರುಸಹಿತ ಹುಲ್ಲಿನ ಪದರವನ್ನು ಮೂರು ಕಡೆ ಕೊಯ್ದು ಹೊದಿಕೆಯಂತೆ ಮಗುಚಿದಳು. ಮೊಳದಾಳದಲ್ಲಿ ಡಬ್ಬಿ ಸಿಕ್ಕಿತು. ಹೆಬ್ಬೆರಳುದ್ದದ್ದು, ಮುಚ್ಚಳಕ್ಕೆ ತಂತಿ ಸುತ್ತಿತ್ತು. ಬಿಚ್ಚಿದರೆ ಕೂದಲಿನ ಗಂಟು, ಬಗ್ಗಿಸಿದ ಗುಂಡುಸೂಜಿಗಳು, ಚಪ್ಪಟೆಯಾದ ಮೂರು ಸೀಸದ ಗುಂಡು. ಆಗಷ್ಟೇ ಬಂದೂಕು ಹಾರಿದಂತೆ ಮದ್ದಿನ ಘಾಟು ಮೂಗಿಗೆ ಹೊಡೆಯಿತು.

ಮುದುಕಿಯ ಮಾತು ನೆನಪಾದರೂ ಸಂತೋಷ ಅದನ್ನು ನುಂಗಿತು. ಗುಂಡಿಯನ್ನು ಹಾಗೇ ಬಿಟ್ಟು ಬರಲು ಅವಳ ಕೈ ಒಪ್ಪಲಿಲ್ಲ. ಮಣ್ಣು ತುಂಬಿ, ಹುಲ್ಲಿನ ಪದರ ಮಗುಚಿ, ಬೂಟಿನಲ್ಲಿ ಒತ್ತಿ, ಎಸಳು ಎಸಳನ್ನೂ ಬೆರಳಲ್ಲಿ ನೆಟ್ಟಗೆ ಮಾಡಿದಳು. ತೋಡಿದ ಜಾಗ ತೋಡಿದವಳಿಗೇ ಸಿಗಬಾರದು ಎನ್ನುವುದು ಅವಳ ಹೆಮ್ಮೆಯ ಮಾತು.

ಗಾರ್ಡನ್ ಗುಂಡುಗಳನ್ನು ಅಂಗೈಯಲ್ಲಿ ಉರುಳಿಸಿ ನೋಡಿ ಡಬ್ಬಿಗೆ ಹಾಕಿಕೊಟ್ಟ. ಆಮೇಲೆ ಕೆಮ್ಮಿದ. “ಹಿಲ್, ಇಲ್ಲೇನೋ ಭಾರ ಆಗ್ತಿದೆ ಕಣೇ,” ಎಂದು ಎದೆ ಮುಟ್ಟಿಕೊಂಡ.

ಪಕ್ಕದಲ್ಲಿ ಒರಗಿಸಿದ್ದ ಶೋಧಕ ಕೂಗಿತು. ಅವಳು ಅದನ್ನು ಆಗಲೇ ಆಫ್ ಮಾಡಿದ್ದಳು. ಎತ್ತಿಕೊಂಡಳು. ಅದರ ತುದಿಯ ತಟ್ಟೆ ಗಾರ್ಡನ್‌ನ ಎದೆಯ ಕಡೆ ತಿರುಗಿದ್ದೇ ಕೂಗು ಜೋರಾಯಿತು. ಅದೇ ಮೊಂಡು ಸದ್ದು. ಕೋಟು ತೆಗೆಸಿದಳು. ಲೋಹದ ಬಟನ್ನುಗಳಿದ್ದ ಅಂಗಿಯನ್ನೂ ತೆಗೆಸಿದಳು. ಬರಿಮೈ. ಕೂಗು ನಿಲ್ಲಲಿಲ್ಲ. ಡಬ್ಬಿ ತೆರೆದಳು. ಎರಡೇ ಗುಂಡು.

ಹಿಲರಿ ಶೋಧಕ ಹೆಗಲಿಗೇರಿಸಿ, ಡಬ್ಬಿ ಮುಷ್ಟಿಯಲ್ಲಿ ಹಿಡಿದು ತಗ್ಗಿಗೆ ಓಡಿದಳು. ಮರ ಇತ್ತು. ಹುಲ್ಲು ಇತ್ತು. ಗುಂಡಿ ಎಲ್ಲಿ? ಮೊಣಕಾಲೂರಿ ತಡವಿದಳು. ಒಂದು ಗೀರು ಇಲ್ಲ. ಒಂದು ಮಣ್ಣಿನ ಕಾಳಿಲ್ಲ. ಶೋಧಕ ಆಡಿಸಿದಳು. ಅದು ಮೂಕವಾಗಿತ್ತು, ಬರಿ ಮಣ್ಣಿನಲ್ಲಿ ಅದಕ್ಕೇನು ಕೇಳಬೇಕು? ಇಲ್ಲಿ ತೋಡಿದಳು. ಅಲ್ಲಿ ತೋಡಿದಳು. ಸಿಕ್ಕ ಗುಂಡಿಗೆಲ್ಲ ಡಬ್ಬಿ ಇಟ್ಟು ನೋಡಿದಳು. ತೆರೆದಾಗ ಒಂದೇ ಗುಂಡು. ಮೇಲಿನಿಂದ ಗಾರ್ಡನ್ ಅವಳ ಹೆಸರು ಕರೆದ. ಒಮ್ಮೆ ಮಾತ್ರ.

ಅವಳು ಕಾರಿನ ಬಳಿ ಬಂದಾಗ ಡಬ್ಬಿಯಲ್ಲಿ ಒಂದು ಗುಂಡೂ ಉಳಿದಿರಲಿಲ್ಲ. ಪದಬಂಧ ಹುಲ್ಲಿನ ಮೇಲೆ ಬಿದ್ದಿತ್ತು.

ಡಾಕ್ಟರು ಹೃದಯಾಘಾತ ಎಂದು ಬರೆದರು. ನಡೆದದ್ದನ್ನು ಹಿಲರಿ ಎಡ್ನಾಳೊಬ್ಬಳಿಗೇ ಹೇಳಿದಳು. ವಾರ ಕಳೆದು, ಚರ್ಚಿನ ಅಂಗಳದಲ್ಲಿ ಶವಪೆಟ್ಟಿಗೆ ಇಳಿಸಿದ ಮೇಲೆ, ಎಡ್ನಾ ಕೋಲೂರಿಕೊಂಡು ಬಂದು ಅವಳ ಕಿವಿಯ ಬಳಿ ಬಾಗಿದಳು.

“ನಿನ್ನ ಗಂಡನ ಜೊತೇಲೇ ಡಬ್ಬಿನೂ ಹಾಕು. ಮಣ್ಣು ಮಾತ್ರ ಎಳೀಬೇಡ. ಇದೊಂದನ್ನಾದ್ರೂ ತೆರೆದಿಡು.”

ಹಿಲರಿ ಡಬ್ಬಿಯನ್ನು ಒಳಗೆ ಎಸೆದಳು. ಗುಂಡಿ ಮುಚ್ಚಬೇಡಿ ಎಂದು ಪಾದ್ರಿಯ ಕೈ ಹಿಡಿದು ಬೇಡಿದಳು. ಗುದ್ದಲಿಯವರ ಮುಂದೆ ಅಡ್ಡ ನಿಂತಳು. ಬಂದವರು ಮುಖ ಬೇರೆಡೆ ತಿರುಗಿಸಿದರು. ದುಃಖಕ್ಕೆ ತಲೆ ಕೆಟ್ಟಿದೆ ಎಂದು ಯಾರೋ ಮೆಲ್ಲಗೆ ಹೇಳಿದ್ದು ಅವಳಿಗೂ ಕೇಳಿಸಿತು. ಒಬ್ಬಳೇ ಮಗಳು ಫಿಲಿಪ್ಪಾ ತಾಯಿಯನ್ನು ತಬ್ಬಿ ಪಕ್ಕಕ್ಕೆ ಕರೆದೊಯ್ದಳು.

“ಅಪ್ಪನ್ನ ಹೀಗೆ ಬಯಲಲ್ಲಿ ಬಿಟ್ಟು ಹೋಗಕ್ಕಾಗುತ್ತಾ ಅಮ್ಮಾ? ನೀನೇ ತಾನೇ ಕಲಿಸಿದ್ದು, ತೋಡಿದ್ದನ್ನ ಮುಚ್ಚಬೇಕು ಅಂತ?”

ಮೊದಲ ಹಿಡಿ ಮಣ್ಣು ಹಾಕಿದವಳು ಫಿಲಿಪ್ಪಾಳೇ. ಉಳಿದದ್ದನ್ನು ಗುದ್ದಲಿಯವರು ಎಳೆದರು. ಹುಲ್ಲಿನ ಪದರ ಹಾಸಿ, ಒತ್ತಿ, ಅಂಚು ಸರಿಮಾಡಿ, ಅಚ್ಚುಕಟ್ಟಾಗಿ ಕೆಲಸ ಮುಗಿಸಿ ಹೋದರು.

ಚರ್ಚಿನ ಗೇಟಿನ ಹತ್ತಿರ ಹಿಲರಿಯ ಕೋಟಿನ ಜೇಬು ಜಗ್ಗಿತು. ಮದ್ದಿನ ಘಾಟು ಬಂತು. ಕೈ ಹಾಕಿದರೆ ಬೆರಳಿಗೆ ತಂತಿ ತಾಗಿತು. ಮುಂದೆ ನಡೆಯುತ್ತಿದ್ದ ಫಿಲಿಪ್ಪಾ ತಟ್ಟನೆ ನಿಂತು ಎದೆಯ ಮೇಲೆ ಕೈ ಇಟ್ಟುಕೊಂಡಳು.

“ಅಮ್ಮಾ, ಇಲ್ಲೇನೋ ಭಾರ ಆಗ್ತಿದೆ.”

ಹಿಲರಿ ಮುಚ್ಚಳ ತೆರೆದಳು. ಡಬ್ಬಿಯಲ್ಲಿ ಮತ್ತೆ ಗುಂಡುಗಳಿದ್ದವು. ಎರಡೇ.