ಆಡು ಮುಟ್ಟದ ಸೊಪ್ಪು

“ಬಣ್ಣ ಇಲ್ದೇ ಇರೋದನ್ನೆಲ್ಲ ಚೆಲ್ಲಿಬಿಟ್ಟೆ ಅತ್ತೆ! ಬರೀ ನೀರು!”

ತರಲೆ ಹೆಮ್ಮೆಯಿಂದ ಹೇಳಿದಳು. ಮನೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದೇ ಹಾಗೆ. ಶಾಲೆಗೆ ರಜೆಯೆಂದು ಅತ್ತೆಯ ಲ್ಯಾಬಿಗೆ ಬಂದಿದ್ದಳು. ಅತ್ತೆ ಫೋನಿಗೆ ಹೋಗಿ ಬರುವುದರೊಳಗೆ ಗಾಜಿನ ಟ್ಯೂಬುಗಳನ್ನೆಲ್ಲ ಓರಣ ಮಾಡಿದ್ದಳು. ಹಳದಿ, ಹಸಿರು ಟ್ಯೂಬುಗಳು ಮಾತ್ರ ಹಾಗೇ ಇದ್ದವು.

ಅತ್ತೆ ಕುರ್ಚಿಯಲ್ಲಿ ಕುಸಿದು ಕುಳಿತರು.

“ಅದು ನೀರಲ್ಲ ಕಣೇ...”

ಅದು ಬೇಲಿಸಾಲಿನ ಒಂದು ಗಿಡದ ಸೊಪ್ಪಿನಿಂದ ಬಂದದ್ದು. “ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ. ಇದನ್ನ ಆಡೂ ಮುಟ್ಟಲ್ಲ. ಒಳಗೇನಿದೆಯೋ ನೋಡ್ಬೇಕು,” ಎಂದು ಅತ್ತೆ ಮೂಟೆಗಟ್ಟಲೆ ಎಲೆ ಒಣಗಿಸಿ, ಅರೆದು, ಸಾರ ತೆಗೆದಿದ್ದರು. ಬಿಳಿ ಪುಡಿ ತುಂಬಿದ ಗಾಜಿನ ಕೊಳವೆಗೆ ಮೇಲಿನಿಂದ ಅದನ್ನು ಸುರಿದಿದ್ದರು. ಸಾರದಲ್ಲಿ ಬೆರೆತಿದ್ದ ಒಂದೊಂದು ವಸ್ತುವೂ ತನ್ನದೇ ವೇಗದಲ್ಲಿ ಇಳಿದು, ಹನಿಹನಿಯಾಗಿ ಬೇರೆ ಬೇರೆ ಟ್ಯೂಬಿಗೆ ಬಿದ್ದಿತ್ತು.

“ಎಲ್ಲಿಗೆ ಚೆಲ್ಲಿದೆ? ಸಿಂಕಿಗಾ?”

“ಇಲ್ಲ, ವೇಸ್ಟ್ ಬಾಟಲಿಗೆ. ಸಿಂಕಿಗೆ ಏನೂ ಹಾಕ್ಬಾರ್ದು ಅಂತ ನೀವೇ ಹೇಳಿದ್ರಲ್ಲ...”

ಅತ್ತೆ ಥಟ್ಟನೆ ಎದ್ದರು. ಆ ಬಾಟಲಿಯನ್ನು ಬೆಳಿಗ್ಗೆಯಷ್ಟೇ ತೊಳೆದು ಒಣಗಿಸಿಟ್ಟಿದ್ದರು. ಅದರೊಳಗೆ ಬೇರೇನೂ ಬಿದ್ದಿರಲಿಲ್ಲ.

“ಲ್ಯಾಬಿನ ಕನ್ನಡಕ ಹಾಕ್ಕೊಂಡು ಬಾ.”

ಪಕ್ಕದ ಕತ್ತಲೆ ಕೋಣೆಯಲ್ಲಿ ಅತ್ತೆ ಒಂದು ಅತಿನೇರಳೆ ದೀಪ ಹಾಕಿದರು. ಬಾಟಲಿಯನ್ನು ಅದರ ಕೆಳಗೆ ಹಿಡಿದರು.

ತರಲೆ ಹತ್ತಿರ ಬಂದು ನೋಡಿದಳು. ತಾನು ನೀರೆಂದು ಚೆಲ್ಲಿದ್ದು ನೀಲಿಯಾಗಿ ಹೊಳೆಯುತ್ತಿತ್ತು. ಅತ್ತೆಯ ಬೆರಳ ಮೇಲೂ ಆ ನೀಲಿ ಬೆಳಕು ಬಿದ್ದಿತ್ತು.

“ಇದು... ಆ ಸೊಪ್ಪಿನೊಳಗಿತ್ತಾ?”

“ಎಷ್ಟು ಕಾಲದಿಂದ ಇತ್ತೋ!”

“ಇದರ ಹೆಸರೇನು?”

“ಗೊತ್ತಿಲ್ಲ. ಮಿಷಿನ್‌ಗೆ ಹಾಕಿ ಪತ್ತೆ ಮಾಡ್ಬೇಕು. ಯಾರೂ ಇನ್ನೂ ಹೆಸರಿಡದೇ ಇರೋದೂ ಆಗಿರಬಹುದು.”

ತರಲೆಯ ದನಿ ಸಣ್ಣದಾಯಿತು. “ನಾನು ಹಾಳು ಮಾಡಿದ್ನಾ ಅತ್ತೆ?”

“ಹಾಳಾಗಿಲ್ಲ, ಕಲಸುಮೇಲೋಗರ ಆಗಿದೆ. ಮತ್ತೆ ಮೊದಲಿಂದ ಬಿಡಿಸ್ಬೇಕು. ಒಳ್ಳೇ ಕೆಲಸ ಕೊಟ್ಟೆ ಮಹಾರಾಯ್ತಿ!”

ಸಂಜೆ ಮನೆಗೆ ಹೊರಟಾಗ ಬೇಲಿಯ ಹತ್ತಿರ ಒಂದು ಆಡು ಮೇಯುತ್ತಿತ್ತು. ಆ ಒಂದು ಗಿಡವನ್ನು ಬಿಟ್ಟು ಸುತ್ತಲಿನದನ್ನೆಲ್ಲ ಬೋಳಿಸಿತ್ತು. ಬೆಳಿಗ್ಗೆ ಬರುವಾಗ ತರಲೆ ಅದರ ಎಲೆ ಕಿತ್ತು ಎಸೆಯುತ್ತಾ ಬಂದಿದ್ದಳು. ಈಗ ಒಂದೆಲೆಯನ್ನು ಕೀಳದೆ, ಮೆಲ್ಲನೆ ತಿರುವಿ ನೋಡಿದಳು. ಧೂಳು ಹಿಡಿದ ಹಸಿರು, ಅಷ್ಟೇ.

ಅವಳು ಆಡಿನ ಕಡೆ ಬಗ್ಗಿದಳು.

“ನಿಂಗೆ ಮೊದಲೇ ಗೊತ್ತಿತ್ತು, ಅಲ್ವಾ?”