ಹಳೇ ಹಿಟ್ಟಿನ ಬಳಗ

ಪಡಿಯಚ್ಚು ಯಂತ್ರದ ಕೆಂಪು ದೀಪ ಮತ್ತೆ ಹತ್ತಿತು. ಗುರಸಿದ್ದವ್ವನ ತಮ್ಮನ ಮಗನ ರಕ್ತವನ್ನೂ ಅದು ಒಪ್ಪಲಿಲ್ಲ.

ಕೆಟ್ಟ ಜೀನಿನ ಜಾಗದಲ್ಲಿ ಒಳ್ಳೆಯದನ್ನು ಅಚ್ಚೊತ್ತುವ ಈ ಯಂತ್ರ ಬಂದ ಮೇಲೆ ಗದಗಿನಲ್ಲೂ ಹುಟ್ಟುರೋಗಗಳು ವಾಸಿಯಾಗುತ್ತಿದ್ದವು. ಆದರೆ ಯಂತ್ರಕ್ಕೆ ಮಾದರಿ ಬೇಕು: ಜೀವಂತ ಕೋಶದಲ್ಲಿ ದುಡಿಯುತ್ತಿರುವ, ಕಲೆಯಿಲ್ಲದ ಜೀನ್. ನಾಲ್ಕು ವರ್ಷದ ಶಾಂಭವಿಯಲ್ಲಿ ಕೆಟ್ಟಿದ್ದು ಕೋಶಸಂಕೇತಗಳನ್ನು ಹತೋಟಿಯಲ್ಲಿಡುವ ಪ್ರೋಟೀನಿನ ಜೀನ್. ಗಾಯವಾದರೆ ‘ಬೆಳೆಯಿರಿ’ ಎಂಬ ಸಂಕೇತವೇ ಚರ್ಮದ ಕೋಶಗಳಿಗೆ ಮುಟ್ಟುತ್ತಿರಲಿಲ್ಲ. ಮೊಣಕಾಲಿನ ಗಾಯ ಮಾಯದೆ ಮಗು ಕಾಲೂರುವುದನ್ನೇ ಬಿಟ್ಟಿತ್ತು.

“ನನ್ನ ರಕ್ತ ತಗೋರಿ ಅಂತ ಎಷ್ಟ ಸಲ ಹೇಳ್ಲಿ?” ಎಂದಳು ಪಕ್ಕದ ಮನೆಯ ಮಾಲನಬಿ.

“ಬಳಗದ್ದಾದ್ರ ಹಾಕ್ರಿ, ಇಲ್ಲಾಂದ್ರ ಬಿಡ್ರಿ,” ಎಂದಳು ಮಗುವಿನ ಅಜ್ಜಿ ಗುರಸಿದ್ದವ್ವ.

ತಲೆಮಾರುಗಳಿಂದ ಒಳಗೊಳಗೇ ಹೆಣ್ಣು ಕೊಟ್ಟು ತಂದ ಬಳಗ ಅದು. ಬಂದವರೆಲ್ಲರ ಜೀನಿಗೂ ಅದೇ ಕಲೆ.

ಮಗುವನ್ನು ಸಾಕುತ್ತಿದ್ದ ಅಜ್ಜಿಯ ಒಪ್ಪಿಗೆಯಿಲ್ಲದೆ ಡಾ. ಮೃಣಾಲಿನಿ ಸೂಜಿ ಎತ್ತುವಂತಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಇಷ್ಟರಲ್ಲಿ ಮುದುಕಿಯನ್ನು ಒಪ್ಪಿಸಿರುತ್ತಿದ್ದರು ಎಂದು ತನ್ನನ್ನೇ ಹಳಿದುಕೊಂಡಳು. ಆಗ ಹೊಳೆಯಿತು: ಕೋಟ್ಯಂತರ ವರ್ಷಗಳಿಂದ ಹೆಚ್ಚೇನೂ ಬದಲಾಗದ ಜೀನ್ ಇದು. ಮನುಷ್ಯರಲ್ಲಿರುವಂತೆ ಹಿಟ್ಟು ಹುದುಗಿಸುವ ಯೀಸ್ಟಿನಲ್ಲೂ ಇದೆ.

“ಅಜ್ಜಿ, ನಿಮ್ಮ ದೋಸಿ ಹಿಟ್ಟು ಹೆಂಗ ಉಬ್ಬತೈತ್ರಿ?”

“ಹಳೇ ಹಿಟ್ಟು ಒಂದ ಸೌಟು ಕೂಡಸ್ತೀನಿ. ನಮ್ಮತ್ತಿ ಕಾಲದ್ದವ್ವಾ ಅದು.”

“ಅದರಾಗ ಸಣ್ಣ ಜೀವ ಅದಾವ್ರಿ. ಅವು ನಿಮ್ಮ ಬಳಗ ಹೌದೋ ಅಲ್ಲೋ?”

ಗುರಸಿದ್ದವ್ವ ತೀರ್ಪು ಕೊಟ್ಟಳು. “ನಮ್ಮನಿ ಅಕ್ಕಿ ಉಂಡು ಬೆಳದಾವು. ಬಳಗಾನ ಬಿಡು.”

ಹಳೇ ಹಿಟ್ಟಿನ ಯೀಸ್ಟನ್ನು ಯಂತ್ರಕ್ಕೆ ಹಾಕಿದಾಗ ಹಸಿರು ದೀಪ ಹತ್ತಿತು. ಅದರ ಜೀನನ್ನು ಮಗುವಿಗೆ ಅಚ್ಚೊತ್ತಿದ ಮೇಲೂ ಮೃಣಾಲಿನಿಗೆ ಧೈರ್ಯವಿಲ್ಲ. ದಿನವೂ ಪಟ್ಟಿ ಬಿಚ್ಚಿ ನೋಡುತ್ತಿದ್ದಳು. ಒಂದು ಬೆಳಿಗ್ಗೆ ಗಾಯದ ಅಂಚಿನಲ್ಲಿ ಎಳೆಯ ಚರ್ಮದ ಗೆರೆ ಕಂಡಿತು. ಯುಗಾದಿಯ ಹೊತ್ತಿಗೆ ಶಾಂಭವಿ ವಾರ್ಡಿನ ತುಂಬ ಓಡಾಡಿ ಔಷಧದ ತಟ್ಟೆ ಬೀಳಿಸಿದಳು. ಯಾರೂ ಬೈಯಲಿಲ್ಲ.

ಗುರಸಿದ್ದವ್ವ ಎಲ್ಲರನ್ನೂ ದೋಸೆಗೆ ಕರೆದಳು. ಹಿಟ್ಟಿನ ಗಡಿಗೆಗೆ ಕುಂಕುಮ ಹಚ್ಚಿ, ಮದುವೆಯಲ್ಲಿ ಬೀಗರಿಗೆ ಕೊಡುವಂತೆ ಹೊಸ ಕುಪ್ಪಸದ ಬಟ್ಟೆ ಹೊದಿಸಿ ಆಯೇರಿ ಮಾಡಿದಳು.

ಮಾಲನಬಿ ನಕ್ಕುಬಿಟ್ಟಳು. “ಅತ್ತಿ ಕಾಲದ್ದಂತ! ಯವ್ವಾ, ಗಡಿಗಿ ಒಡದ ವರ್ಷ ಹಳೇ ಹಿಟ್ಟು ಯಾರ ಮನಿಯಿಂದ ಒಯ್ದಿದ್ದಿ?”

ಮೃಣಾಲಿನಿಯ ಕೈಯ ತುತ್ತು ಅಲ್ಲೇ ನಿಂತಿತು.

ಗುರಸಿದ್ದವ್ವ ಗಡಿಗೆ ನೋಡಿದಳು. ಕುಂಟಾಬಿಲ್ಲೆ ಆಡುತ್ತಿದ್ದ ಮೊಮ್ಮಗಳನ್ನು ನೋಡಿದಳು. ಬಟ್ಟೆಯನ್ನು ಗಡಿಗೆಯಿಂದ ತೆಗೆದು ಮಾಲನಬಿಯ ಉಡಿಗೆ ಹಾಕಿದಳು.

“ಇಷ್ಟ ವರ್ಷ ಬಾಯಿ ಮುಚ್ಕೊಂಡು ಕುಂತಿದ್ದಿಯಲ್ಲ! ತಗೋ ಆಯೇರಿ, ಬೀಗತಿ. ಇನ್ನೆರಡು ದೋಸಿ ತಿನ್ನು.”